ಮೊದಲ ದಿನ ಬರೀ ನೀರು ಸಾಕು

ಪದವಿ ಓದುತ್ತಿರುವವರು ಜೀವವಿಜ್ಞಾನದ ಲ್ಯಾಬಿಗೆ ಬಂದರೆ ಅವರಿಗೆ ಬಿಡಿ ಕೆಲಸ ಕೊಡಬೇಡಿ, ಸ್ವಂತದ್ದೊಂದು ಪ್ರಶ್ನೆ ಕೊಡಿ ಎಂದು ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಅದಕ್ಕೂ ಮುಂಚೆ ಕೈ ಪಳಗಬೇಕು, ಅಲ್ವಾ?

ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ದಿನ ಬರೀ ನೀರು ಕೊಡುತ್ತೇನೆ. ತೀರಾ ಸ್ವಲ್ಪ ದ್ರವವನ್ನು ಅಳೆದು ತೆಗೆಯುವ ಮೈಕ್ರೋಪಿಪೆಟ್‌ನಿಂದ 100 ಮೈಕ್ರೋಲೀಟರ್ ತೆಗೆದು ತೂಗಬೇಕು. ಸರಿಯಾಗಿದ್ದರೆ ಹೆಚ್ಚುಕಡಿಮೆ 100 ಮಿಲಿಗ್ರಾಂ ಬರುತ್ತದೆ. ಅದರ ಗುಂಡಿ ಒತ್ತುವಾಗ ಎರಡು ಕಡೆ ತಡೆಯುತ್ತದೆ; ಮೊದಲನೆಯದರಲ್ಲಿ ನಿಲ್ಲಿಸದೆ ಎರಡನೇ ತಡೆಯವರೆಗೂ ಒತ್ತಿ ನೀರು ಎಳೆದುಕೊಂಡರೆ ತೂಕ ಜಾಸ್ತಿ ಬರುತ್ತದೆ. ನಾನು ಬಾಯಿ ಬಿಡಬೇಕಾಗಿಲ್ಲ, ತಕ್ಕಡಿಯೇ ಹೇಳುತ್ತದೆ.

ಪ್ರಯೋಗ ಕೆಟ್ಟಾಗ ಜೊತೆಗೆ ಕೂರುವುದು ಇನ್ನೂ ಮುಖ್ಯ. ಒಮ್ಮೆ ಒಬ್ಬ ಹುಡುಗಿ ಪಿಸಿಆರ್ (ಡಿಎನ್‌ಎಯ ಒಂದು ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ವಿಧಾನ) ಮಾಡಿದ್ದಳು. ಡಿಎನ್‌ಎ ಹಾಕದೇ ಇಟ್ಟಿದ್ದ ಟ್ಯೂಬಿನದ್ದಕ್ಕೂ, ಫಲಿತಾಂಶ ನೋಡುವ ಜೆಲ್ ಮೇಲೆ ಬ್ಯಾಂಡ್, ಅಂದರೆ ಡಿಎನ್‌ಎ ಇದೆ ಎಂದು ತೋರಿಸುವ ಗೆರೆ, ಕಾಣಿಸಿತು. ಎಲ್ಲಿಂದಲೋ ಬೇರೆ ಡಿಎನ್‌ಎ ಸೇರಿಕೊಂಡಿತ್ತು. ಅವಳ ಕಣ್ಣಲ್ಲಿ ನೀರು. ಇಬ್ಬರೂ ಅವಳ ನೋಟ್‌ಬುಕ್ ತಿರುವಿದೆವು. ಹಿಂದಿನ ಎರಡು ಸಲ ಆ ಜಾಗ ಖಾಲಿಯಿತ್ತು. ಆಮೇಲೆ ಬದಲಾಗಿದ್ದು ಮಿಶ್ರಣಕ್ಕೆ ಹಾಕುವ ನೀರಿನ ಟ್ಯೂಬ್ ಒಂದೇ. ಅದನ್ನು ಎಸೆದು ಹೊಸದು ತೆಗೆದಳು, ಬ್ಯಾಂಡ್ ಹೋಯಿತು. ತಾರೀಖು ಹಾಕಿ, ಯಾವ ಟ್ಯೂಬ್ ಬಳಸಿದೆ ಅಂತ ಅವಳು ಬರೆದಿಟ್ಟಿದ್ದರಿಂದಲೇ ಕಾರಣ ಸಿಕ್ಕಿದ್ದು. ಸುಮ್ನೆ ಬೈದು ಆ ಕೆಲಸ ನಾನೇ ಮಾಡಿದ್ದರೆ ಅವಳಿಗೆ ಏನು ಉಳಿಯುತ್ತಿತ್ತು?

ಒಂದು ಕೋರಿಕೆ. ಈ ಹುಡುಗರ ಪಕ್ಕ ದಿನಾ ನಿಂತು ಕಲಿಸುವವರು ಹೆಚ್ಚಾಗಿ ಪಿಎಚ್‌ಡಿ ವಿದ್ಯಾರ್ಥಿಗಳು. ತಮ್ಮ ಕೆಲಸದ ನಡುವೆಯೇ ಕಲಿಸುತ್ತಾರೆ. ಹೇಗೆ ಕಲಿಸಬೇಕು ಅಂತ ಅವರಿಗೆ ಹೇಳಿಕೊಡುವವರು ಕಡಿಮೆ. ಮುಂದಿನ ಲೇಖನ ಅವರ ಬಗ್ಗೆ ಬರೆಯಿರಿ.