ಪಾಸಿಗೂ ಫೇಲಿಗೂ ಒಂದೇ ಸ್ಟಾಂಪು

"ಇದು ಅಂಚೆಚೀಟಿಯೇ ಅಲ್ಲವಲ್ಲಮ್ಮಾ, ಇದನ್ನೇಕೆ ಆಲ್ಬಮ್‌ನಲ್ಲಿ ಇಟ್ಟಿದ್ದೀರಿ?" ಎಂದು ಸಂಗ್ರಹದಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬರು ಕಳೆದ ವಾರ ಕೇಳಿದರು. ನಾನು ತೋರಿಸಿದ್ದು ನೆದರ್ಲೆಂಡ್ಸ್‌ನಲ್ಲಿ ಹಿಂದೊಮ್ಮೆ ಕಾರು ಓಡಿಸುವ ಪರೀಕ್ಷೆಗೆ ಶುಲ್ಕವೆಂದು ಬಳಸುತ್ತಿದ್ದ ಸ್ಟಾಂಪುಗಳನ್ನು. ಅವರ ಪ್ರಶ್ನೆಯಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಎರಡು ದಿನ ಅದು ನನ್ನನ್ನು ಕುಟುಕಿತು. ಹಾಗಾಗಿ ಈ ಉದ್ದನೆಯ ಉತ್ತರ. ಪುರುಸೊತ್ತು ಇದ್ದವರು ಓದಿ.

ಡಚ್ಚರ ನಾಡಿನಲ್ಲಿ ಈ ಪರೀಕ್ಷೆ ನಡೆಸುವುದು ಸಿಬಿಆರ್ ಎಂಬ ಸಂಸ್ಥೆ, 1927ರಲ್ಲಿ ಹುಟ್ಟಿದ್ದು. ಈಗ ಸರ್ಕಾರಿ ಗುರುತಿನ ಖಾತೆಯಿಂದ ಒಳಗೆ ಹೋಗಿ, ಬ್ಯಾಂಕಿನ ಆ್ಯಪ್‌ನಲ್ಲಿ ಹಣ ಕಟ್ಟಿದರೆ ಮುಗಿಯಿತು. ಕಾಗದದ ಕಾಲದಲ್ಲಿ ಸ್ಟಾಂಪು ಇತ್ತು. ಶುಲ್ಕದ ಸ್ಟಾಂಪಿನ ಲೆಕ್ಕವನ್ನು ನಮ್ಮವರಿಗೆ ವಿವರಿಸಬೇಕಿಲ್ಲ: ಮೊದಲು ಹಣ ಕೊಟ್ಟು ಕೊಳ್ಳಬೇಕು, ಕಾಗದಕ್ಕೆ ಅಂಟಿಸಬೇಕು, ಮತ್ತೊಮ್ಮೆ ಬಳಸದಂತೆ ಅದರ ಮೇಲೆ ಮೊಹರೋ ಗೀಟೋ ಬೀಳಬೇಕು. ಬೆಲೆ ಡಚ್ಚರ ಹಳೆಯ ಹಣವಾದ ಗಿಲ್ಡರ್‌ಗಳಲ್ಲಿ. ಗಿಲ್ಡರ್‌ಗೆ ಡಚ್ಚರು ಬರೆಯುತ್ತಿದ್ದ ಗುರುತು ಎಫ್ ಅಕ್ಷರ, ಫ್ಲೋರಿನ್ ಎಂಬ ಹಳೆಯ ಚಿನ್ನದ ನಾಣ್ಯದ ಪಳೆಯುಳಿಕೆ. 2002ರಲ್ಲಿ ಯೂರೋ ನಾಣ್ಯ, ನೋಟು ಕೈಗೆ ಬಂದ ಮೇಲೆ ಅದೂ ಹೋಯಿತು.

ನನಗೆ ಇವುಗಳ ಹುಚ್ಚು ಹಿಡಿದದ್ದಕ್ಕೆ ಕಾರಣ ಇತಿಹಾಸಪ್ರೇಮವಲ್ಲ, ಅವಮಾನ. ಹಾಸನದಲ್ಲಿ ಹನ್ನೆರಡು ವರ್ಷ ಕಾರು ಓಡಿಸಿದವಳು ನಾನು. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ನೆಲೆಸಿದ ಮೇಲೆ ಭಾರತದ ಲೈಸೆನ್ಸ್ ನಡೆಯುವುದು 185 ದಿನ ಮಾತ್ರ. ವಿಶೇಷ ತೆರಿಗೆ ರಿಯಾಯಿತಿ ಪಡೆದು ಬಂದ ಕುಟುಂಬಗಳು ಪರೀಕ್ಷೆಯಿಲ್ಲದೆ ಲೈಸೆನ್ಸ್ ಬದಲಾಯಿಸಿಕೊಳ್ಳಬಹುದು. ಆ ಭಾಗ್ಯ ನಮ್ಮ ಮನೆಗೆ ಇರಲಿಲ್ಲ. ಸರಿ, ಪರೀಕ್ಷೆಗೆ ಹೋದೆ. ಮೊದಲ ಸಲ ಬಲಕ್ಕೆ ತಿರುಗುವಾಗ ಪಕ್ಕದಲ್ಲಿ ನೇರವಾಗಿ ಬರುತ್ತಿದ್ದ ಸೈಕಲ್ಲನ್ನು ಹೆಗಲ ಮೇಲಿಂದ ತಿರುಗಿ ನೋಡಲಿಲ್ಲ. ಆ ದೇಶದಲ್ಲಿ ಅದು ಮಹಾಪಾಪ, ಸರಿಯಾಗಿಯೇ ಫೇಲು ಮಾಡಿದರು. ಎರಡನೆಯ ಸಲ ಆ ಭಯಕ್ಕೆ, ನನಗೇ ಮೊದಲ ಹಕ್ಕಿದ್ದ ಕಡೆಯೂ ನಿಂತು ಎಲ್ಲರಿಗೂ ದಾರಿ ಬಿಟ್ಟೆ. ಅತಿ ಸೌಜನ್ಯಕ್ಕೂ ಫೇಲು! ಪ್ರತಿ ಸಲವೂ ಶುಲ್ಕ ಮಾತ್ರ ಪೂರ್ತಿ. ಮೊದಲ ಪ್ರಯತ್ನದಲ್ಲಿ ಪಾಸಾಗುವವರು ಅಲ್ಲಿ ಸುಮಾರು ಅರ್ಧದಷ್ಟು ಜನ ಎಂಬುದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು.

ಮೂರನೆಯ ಸಲ ಗೆದ್ದ ಮೇಲೆ ಒಂದು ದಿನ ಆಮ್‌ಸ್ಟರ್‌ಡ್ಯಾಮ್‌ನ ರಸ್ತೆಬದಿಯ ಅಂಚೆಚೀಟಿ ಸಂತೆಗೆ ಹೋಗಿದ್ದೆ. ಒಬ್ಬ ಮುದುಕರ ಮೇಜಿನ ಮೇಲೆ ಸಿಗಾರ್ ಡಬ್ಬಿ, ಅದರೊಳಗೆ ಯಾವ ಆಲ್ಬಮ್‌ಗೂ ಸೇರದ ಚಿಲ್ಲರೆ ಸಾಮಾನು. ಚಾಲನಾ ಪರೀಕ್ಷೆಯ ಸ್ಟಾಂಪುಗಳು ಸಿಕ್ಕಿದ್ದು ಅಲ್ಲೇ. ಒಂದು ಕಾಫಿಗೆ ಆಗುವಷ್ಟು ದುಡ್ಡು ಕೊಟ್ಟೆ. ಕೈಯಲ್ಲಿ ಹಿಡಿದಾಗ ಹೊಳೆದದ್ದು ಇಷ್ಟು: ಈ ಸ್ಟಾಂಪು ಅಂಟುವುದು ಪರೀಕ್ಷೆಗೆ ಮುಂಚೆ. ತನ್ನನ್ನು ಅಂಟಿಸಿದವರು ಆ ದಿನ ನಗುತ್ತಾ ಹಿಂದಿರುಗಿದರೋ, ನನ್ನ ಹಾಗೆ ಮನೆಗೆ ಫೋನು ಮಾಡಲು ನಾಚಿ ಬಸ್ ನಿಲ್ದಾಣದಲ್ಲಿ ಕುಳಿತರೋ, ಅದಕ್ಕೆ ಗೊತ್ತಿಲ್ಲ. ಇಬ್ಬರಿಗೂ ಒಂದೇ ಬೆಲೆ, ಒಂದೇ ಬಣ್ಣ.

ಸ್ಮರಣಾರ್ಥ ಅಂಚೆಚೀಟಿಗಳ ಮೇಲೆ ನನಗೆ ಮೊದಲಿನ ಮೋಹ ಈಗ ಉಳಿದಿಲ್ಲ. ಹೂವು, ಹಕ್ಕಿ, ಮಹಾಪುರುಷರು, ಹೊಳೆಯುವ ಕಾಗದ. ಬಹುಪಾಲು ಅಚ್ಚಾಗುವುದೇ ನಮ್ಮಂಥವರು ಕೊಂಡು ಆಲ್ಬಮ್‌ಗೆ ಸೇರಿಸಲಿ ಎಂದು. ಅವು ಮದುವೆ ಮನೆಯ ಫೋಟೊಗಳು. ಶುಲ್ಕದ ಸ್ಟಾಂಪು ಪಡಿತರ ಚೀಟಿಯ ಫೋಟೊ. ಚೆಂದ ಕಾಣಬೇಕೆಂಬ ಆಸೆಯೇ ಅದಕ್ಕಿಲ್ಲ, ಆದರೆ ಮನುಷ್ಯ ನಿಜವಾಗಿ ಹೇಗಿದ್ದ ಎಂಬುದು ಅಲ್ಲೇ ಕಾಣುತ್ತದೆ.

"ಅಂಚೆಚೀಟಿ ಅಲ್ಲ" ಎಂಬ ಮಾತಿಗೆ ಬರುತ್ತೇನೆ. ನಮ್ಮ ಮೈಸೂರನ್ನೇ ನೋಡಿ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ಇನ್ನೂರು ವರ್ಷಕ್ಕೂ ಮೀರಿದ ಆ ಬಾಳಿನಲ್ಲಿ ಅದು ಸ್ವಂತದ ಅಂಚೆಚೀಟಿ ಹೊರಡಿಸಲೇ ಇಲ್ಲ. ಕೊಚ್ಚಿ, ತಿರುವಾಂಕೂರು, ಹೈದರಾಬಾದ್ ಎಲ್ಲಕ್ಕೂ ಆಲ್ಬಮ್‌ನಲ್ಲಿ ಪುಟವಿದೆ, ನಮಗಿಲ್ಲ. ಗಂಡಭೇರುಂಡವನ್ನು ಹುಡುಕುವವರು ಮೈಸೂರು ಸಂಸ್ಥಾನದ ಕೋರ್ಟ್ ಫೀ ಮತ್ತು ರೆವಿನ್ಯೂ ಸ್ಟಾಂಪುಗಳ ಬಾಗಿಲಿಗೇ ಹೋಗಬೇಕು. ಹಿರಿಯರ ನಿಯಮ ಪಾಲಿಸಿದರೆ ನಮ್ಮ ಸಂಸ್ಥಾನವೇ ಸಂಗ್ರಹದಿಂದ ಹೊರಗೆ.

ಡಚ್ಚರಿಗಂತೂ ಇದು ಮನೆಯ ಕಸುಬು. ಛಾಪಾ ಕಾಗದ ಎಂಬ ಉಪಾಯ ಹುಟ್ಟಿದ್ದೇ ಅವರಲ್ಲಿ, 1624ರಲ್ಲಿ, ಸ್ಪೇನ್ ವಿರುದ್ಧದ ಯುದ್ಧಕ್ಕೆ ಹಣ ಸಾಲದೆ ಹೊಸ ತೆರಿಗೆ ಹುಡುಕುತ್ತಿದ್ದಾಗ. ಇಂಗ್ಲೆಂಡ್ 1694ರಲ್ಲಿ ಅದನ್ನು ಕಲಿಯಿತು, 1797ರಲ್ಲಿ ಕಂಪನಿ ಸರ್ಕಾರ ಬಂಗಾಳಕ್ಕೆ ತಂದಿತು. ಹಾಸನದ ಕೋರ್ಟಿನ ಎದುರು ಮೂವತ್ತೈದು ವರ್ಷ ಪತ್ರ ಬರಹಗಾರರಾಗಿದ್ದ ನಮ್ಮ ಅಪ್ಪನ ಮೇಜಿನ ಮೂಲಪುರುಷರನ್ನು ಹುಡುಕುತ್ತಾ ಹೋದರೆ ಹಾಲೆಂಡೇ ಸಿಗುತ್ತದೆ.

ಅಪ್ಪನ ಬಳಿ ಧಾರವಾಡದ ಕಡೆಯಿಂದ ಬಂದ ಬ್ರಿಟಿಷರ ಕಾಲದ ಒಂದೆರಡು ಕೋರ್ಟ್ ಕಾಗದಗಳಿದ್ದವು. ಅವುಗಳ ಮೇಲಿನ ಸ್ಟಾಂಪಿನಲ್ಲಿ ವಿಕ್ಟೋರಿಯಾ ರಾಣಿಯ ತಲೆಗೆ ಸರಿಯಾಗಿ ದುಂಡನೆಯ ತೂತು. ಸ್ವಾತಂತ್ರ್ಯ ಹೋರಾಟಗಾರರ ಕೆಲಸವೆಂದು ಚಿಕ್ಕವಳಿದ್ದಾಗ ನಂಬಿದ್ದೆ. ಅದು ಕಾನೂನು! 1870ರ ಕೋರ್ಟ್ ಶುಲ್ಕ ಕಾಯಿದೆಯಲ್ಲೇ ಬರೆದಿದೆ: ರದ್ದು ಮಾಡುವಾಗ ಸ್ಟಾಂಪಿನ ಮೇಲಿನ ತಲೆಯನ್ನು ಪಂಚ್ ಮಾಡಿ ತೆಗೆಯಬೇಕು, ಬೆಲೆಯ ಅಂಕಿಗೆ ತಾಗಬಾರದು, ಕತ್ತರಿಸಿದ ಚೂರನ್ನು ಸುಟ್ಟೋ ಬೇರೆ ರೀತಿಯಲ್ಲೋ ನಾಶಮಾಡಬೇಕು. ತಮ್ಮದೇ ಮಹಾರಾಣಿಯ ತಲೆಯನ್ನು ಚಕ್ರವರ್ತಿಗಳ ಸರ್ಕಾರ ಶಿರಸ್ತೇದಾರರ ಕೈಯಲ್ಲಿ ದಿನವೂ ತೂತು ಮಾಡಿಸಿ ಸುಡಿಸುತ್ತಿತ್ತು. ದುಡ್ಡಿನ ಮುಂದೆ ಯಾವ ರಾಣಿ?

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಕ್ಕೂ ಸಿದ್ಧ. ದಯವಿಟ್ಟು ಇಂಥ ಸ್ಟಾಂಪುಗಳನ್ನು ಕಾಗದದಿಂದ ಬಿಡಿಸಬೇಡಿ. ಅಂಚೆಚೀಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸುವ ಅಭ್ಯಾಸ ನಮಗೆಲ್ಲ ಬಾಲ್ಯದಿಂದ ಬಂದದ್ದು. ಶುಲ್ಕದ ಸ್ಟಾಂಪುಗಳಿಗೆ ಅದು ವಿಷ. ತೊಳೆದು ಮತ್ತೆ ಬಳಸುವ ಜಾಣರಿಗೆ ಹೆದರಿ, ಅನೇಕ ದೇಶಗಳು ಇವನ್ನು ನೀರು ತಾಗಿದರೆ ಹರಡುವ ಶಾಯಿಯಲ್ಲೇ ಅಚ್ಚು ಹಾಕಿಸಿದವು. ಶಾಯಿ ಉಳಿದರೂ, ಯಾವ ಊರು, ಯಾವ ದಿನಾಂಕ, ಯಾವ ಪರೀಕ್ಷೆ ಎಂಬುದೆಲ್ಲ ಕಾಗದದ ಜೊತೆ ಹೋಯಿತು. ಉಳಿದದ್ದು ಒಂದು ಅಂಕಿ. ಅಂಗಡಿಯವರು ಕತ್ತರಿಸಿ ಲಕೋಟೆಗೆ ತುಂಬುತ್ತಾರೆ, ಅವರಿಗದು ವ್ಯಾಪಾರ. ನಾವೂ ಹಾಗೆ ಮಾಡಬೇಕೇ?

ಕಾಗದದ ಮೇಲೆ ಯಾರದೋ ಹೆಸರು, ಹುಟ್ಟಿದ ದಿನ ಇರುತ್ತದೆಯಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಹೆಸರಿನ ಮೇಲೆ ತೆಳು ಕಾಗದದ ಪಟ್ಟಿ ಇಟ್ಟು ಫೋಟೊ ತೆಗೆಯುತ್ತೇನೆ, ಮೂಲಕ್ಕೆ ಪೆನ್ನು ತಾಗಿಸುವುದಿಲ್ಲ. ಆ ಪರೀಕ್ಷಾರ್ಥಿ ಇಂದು ಎಲ್ಲೋ ಮೊಮ್ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತಿರಬಹುದು, ಅವರ ಫೇಲು ನನ್ನ ಗೋಡೆಯ ಮೇಲೆ ಬರುವುದು ಬೇಡ.

ಬೇಸಿಗೆಯಲ್ಲಿ ಊರಿಗೆ ಹೋದಾಗ ಈ ಸ್ಟಾಂಪುಗಳನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಬಣ್ಣದ ಬಗ್ಗೆ, ದೇಶದ ಬಗ್ಗೆ ಒಂದು ಮಾತಿಲ್ಲ. ಒಂದನ್ನು ಮಾತ್ರ ಪಕ್ಕಕ್ಕೆ ಸರಿಸಿದರು.

"ಇದಕ್ಕೆ ಮೊಹರು ಬಿದ್ದಿಲ್ಲವಲ್ಲ, ಮಗಳೇ."

ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಹಿಂಬದಿಯ ಅಂಟೂ ಹಾಗೆಯೇ ಇತ್ತು.

"ಹಣ ಕಟ್ಟಿದ್ದಾರೆ, ಪರೀಕ್ಷೆಗೆ ಹೋಗಿಲ್ಲ," ಎಂದರು ಅಪ್ಪ. "ಪಾಪ, ಯಾರೋ ಹೆದರಿಕೊಂಡಿರಬೇಕು."