ಜೋಬಾ ತೋಳಿನ ಸಂರಕ್ಷಣಾ ಇಲಾಖೆ

ಪ್ರತಿಭಾವಂತರು ಸಿಕ್ಕರೆ ಅವರನ್ನು ಕೆಲಸಕ್ಕೆ ಹಚ್ಚುವುದು ಸಾಮಾನ್ಯ ಸಂಸ್ಥೆಗಳ ರೂಢಿ. ಆದರೆ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡ ಸಾಮಾನ್ಯ ಸಂಸ್ಥೆಯಲ್ಲವಾದ್ದರಿಂದ, ಅದು ಮೊದಲು ನಿಯಮಾವಳಿಯನ್ನು ರಚಿಸಿತು. 2007ರ ಆಗಸ್ಟ್‌ನಲ್ಲಿ ತಂಡದ ಪರ ಕಣಕ್ಕಿಳಿದ, ನೆಬ್ರಾಸ್ಕಾದ ಇಪ್ಪತ್ತೊಂದರ ಹರೆಯದ ಪಿಚರ್ (ಚೆಂಡೆಸೆಯುವ ಆಟಗಾರ) ಜೋಬಾ ಚೇಂಬರ್ಲೇನ್ ಅವರ ಬಲದೋಳಿನ ಕ್ಷೇಮಾರ್ಥ ಹೊರಟ ಈ ಶಾಸನಕ್ಕೆ ‘ಜೋಬಾ ರೂಲ್ಸ್’ ಎಂದೇ ಹೆಸರಾಯಿತು: ಒಂದು ಇನಿಂಗ್ (ಪಂದ್ಯದ ಒಂಬತ್ತು ಸರದಿಗಳಲ್ಲಿ ಒಂದು, ಎದುರಾಳಿಯ ಮೂವರು ಔಟಾದರೆ ಎಸೆಯುವ ಪಾಲು ಮುಗಿಯಿತು) ಎಸೆದರೆ ಒಂದು ದಿನ ರಜೆ, ಎರಡು ಎಸೆದರೆ ಎರಡು ದಿನ ರಜೆ, ಸತತ ಎರಡು ದಿನ ಎಸೆಯುವ ಮಾತೇ ಇಲ್ಲ. ಇಷ್ಟು ರಜೆಗಳ ನಡುವೆಯೂ ಅವರು 24 ಇನಿಂಗ್ಸ್‌ಗಳಲ್ಲಿ 34 ಸ್ಟ್ರೈಕ್‌ಔಟ್ (ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವುದು) ಗಳಿಸಿ, ತಮ್ಮ ಲೆಕ್ಕಕ್ಕೆ ಒಂದೇ ಒಂದು ಅರ್ನ್ಡ್ ರನ್ (ಫೀಲ್ಡರ್‌ಗಳ ತಪ್ಪಿಲ್ಲದೆ ಎದುರಾಳಿಗೆ ಬಿಟ್ಟುಕೊಟ್ಟ ರನ್) ಬರೆಸಿಕೊಂಡರು. ಅಲ್ಲಿಗೆ ಅವರ ನೆಮ್ಮದಿ ಮುಗಿಯಿತು.

ಇಂಥ ತೋಳನ್ನು ಪಂದ್ಯದ ಆರಂಭಕ್ಕೆ ಬಳಸಬೇಕೋ ಅಥವಾ ಬದಲಿ ಪಿಚರ್‌ಗಳು ಕೂರುವ ಬುಲ್‌ಪೆನ್‌ನಲ್ಲಿ ಕಾಯಿಸಿ ಕೊನೆಗೆ ಬಳಸಬೇಕೋ ಎಂಬ ಚರ್ಚೆಯಲ್ಲಿ ಇಡೀ ನಗರವೇ ಎರಡು ಪಂಗಡವಾಯಿತು. ಆರಂಭಿಕ ಪಿಚರ್ ಐದು ದಿನಕ್ಕೊಮ್ಮೆ ಬಂದು ಪಂದ್ಯದ ಬಹುಪಾಲು ಹೊರೆ ಹೊರುತ್ತಾನೆ. ಬದಲಿಯಾಗಿ ಬರುವ ರಿಲೀವರ್ ಎಂಟನೆಯ ಇನಿಂಗ್‌ನಂಥ ಇಕ್ಕಟ್ಟಿನಲ್ಲಿ ಬಂದು ಮೂವರನ್ನು ಔಟ್ ಮಾಡಿ ಹೋಗುತ್ತಾನೆ. ಮೊದಲನೆಯವನು ಋತುವೊಂದರಲ್ಲಿ 180 ಇನಿಂಗ್ಸ್ ಎಸೆದರೆ ಎರಡನೆಯವನು ಎಸೆಯುವುದು ಸುಮಾರು 65. ಒಳ್ಳೆಯ ತೋಳಿನಿಂದ ಹೆಚ್ಚು ಕೆಲಸ ತೆಗೆಯಬೇಕೆಂಬುದು ಸಾದಾ ಗಣಿತ, ನನ್ನ ಮತವೂ ಅದಕ್ಕೇ. ಬುಲ್‌ಪೆನ್ ಪಂಗಡದವರಾದರೋ, ತಂಡದ ಕೊನೆಯ, ಅಂದರೆ ಒಂಬತ್ತನೆಯ ಇನಿಂಗ್‌ನ ಒಡೆಯರಾದ ರಿಲೀವರ್ ಮರಿಯಾನೊ ರಿವೆರಾ ಅವರತ್ತ ಬೊಟ್ಟುಮಾಡಿದರು. ಆದರೆ ರಿವೆರಾ ಅವರನ್ನು 1995ರಲ್ಲಿ ಹತ್ತು ಪಂದ್ಯಗಳಲ್ಲಿ ಆರಂಭಿಕರಾಗಿ ಪರೀಕ್ಷಿಸಿ, ಅದು ಅಷ್ಟಾಗಿ ಒಗ್ಗದಿದ್ದ ಮೇಲೆ ಬುಲ್‌ಪೆನ್‌ಗೆ ಕಳುಹಿಸಲಾಗಿತ್ತು. ಆರಂಭದಲ್ಲಿ ಸೋತವರ ದೃಷ್ಟಾಂತವನ್ನು ಆರಂಭಿಸುವ ಅವಕಾಶವೇ ಸಿಗದವರಿಗೆ ಅನ್ವಯಿಸಿದ ಈ ತರ್ಕಕ್ಕೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡದಿರುವುದು ಅನ್ಯಾಯವೇ ಸರಿ.

ಆ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಪ್ಲೇಆಫ್ ಪಂದ್ಯದ ಎಂಟನೆಯ ಇನಿಂಗ್‌ನಲ್ಲಿ, 1-0 ಮುನ್ನಡೆಯನ್ನು ಕಾಯುತ್ತಿದ್ದ ಚೇಂಬರ್ಲೇನ್ ಅವರ ಮುಖ-ಕತ್ತುಗಳಿಗೆ ಸರೋವರದ ಕಡೆಯಿಂದ ಬಂದ ಹುಳುಗಳ ಹಿಂಡು ಮುತ್ತಿಕೊಂಡಿತು. ಎಸೆತಗಳನ್ನು ಎಣಿಸುವುದರಲ್ಲಿ ಪಳಗಿದ್ದ ತಂಡವು ಹುಳುಗಳನ್ನು ಎಣಿಸಲಾಗದೆ ಔಷಧಿ ಸಿಂಪಡಿಸಿತು. ಹುಳುಗಳು ಕದಲಲಿಲ್ಲ, ಎರಡು ಎಸೆತಗಳು ಕ್ಯಾಚರ್‌ನ ಅಳವು ಮೀರಿ ಹೋದವು, ಸ್ಕೋರು ಸಮವಾಯಿತು, ಹೆಚ್ಚುವರಿಯಾಗಿ ಆಡಿದ ಹನ್ನೊಂದನೆಯ ಇನಿಂಗ್‌ನಲ್ಲಿ ಯಾಂಕೀಸ್ ಸೋತಿತು.

2008ರ ಏಪ್ರಿಲ್‌ನಲ್ಲಿ, ಮಾಲೀಕರ ಮಗ ಹ್ಯಾಂಕ್ ಸ್ಟೈನ್‌ಬ್ರೆನರ್ ಅವರು ಚೇಂಬರ್ಲೇನ್ ಕೂಡಲೇ ಆರಂಭಿಕರಾಗಬೇಕೆಂದು ಪತ್ರಿಕೆಗಳ ಮುಂದೆಯೇ ಗುಡುಗಿದರು. ತಮ್ಮದೇ ತಂಡಕ್ಕೆ ಆದೇಶ ತಲುಪಿಸಲು ಅದಕ್ಕಿಂತ ಗುಟ್ಟಾದ ದಾರಿ ಅವರಿಗೆ ಹೊಳೆದಿರಲಾರದು. ಜೂನ್‌ನಲ್ಲಿ ಬಡ್ತಿ ಸಿಕ್ಕಿತಾದರೂ, ಮೊದಲ ದಿನ ಮೂರನೆಯ ಇನಿಂಗ್ ಮುಗಿಯುವ ಮೊದಲೇ ಅವರು ಮೈದಾನ ಬಿಡಬೇಕಾಯಿತು. ಆಗಸ್ಟ್‌ನಲ್ಲಿ ಭುಜ ನೊಂದು, ಮರಳಿದ್ದು ಮತ್ತೆ ಬುಲ್‌ಪೆನ್‌ಗೆ. 2009ರಲ್ಲಿ 31 ಪಂದ್ಯಗಳನ್ನು ಆರಂಭಿಸಿದರಾದರೂ, ಋತುವಿನ ಕೊನೆಯ ವಾರಗಳಲ್ಲಿ ಇನಿಂಗ್ಸ್‌ನ ವಾರ್ಷಿಕ ಕೋಟಾ ಮೀರೀತೆಂಬ ಭಯದಿಂದ ಮೂರು ಇನಿಂಗ್ಸ್ ಆಗುತ್ತಲೇ ಅವರನ್ನು ಹೊರಗೆ ಕರೆಸಿಕೊಂಡ ದಿನಗಳಿದ್ದವು. ಮದುವೆಗೆ ಬೇಕೆಂದು ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯನ್ನು ನುಸಿ ಹಿಡಿದಿದೆಯೇ ಎಂದು ದಿನಕ್ಕೆರಡು ಬಾರಿ ಬಿಚ್ಚಿ ಮಡಿಸಿ, ಮಡಿಕೆಯಲ್ಲೇ ಹರಿದುಹಾಕುವ ಜಾಗರೂಕತೆ ಇದು. ಪ್ಲೇಆಫ್ ಬಂದಾಗ, ಎಚ್ಚರದಿಂದ ಉಳಿಸಿದ್ದ ಆ ಇನಿಂಗ್ಸ್‌ಗಳನ್ನು ಬಳಸಲು ಅವರನ್ನು ಪುನಃ ಬುಲ್‌ಪೆನ್‌ಗೇ ಕಳುಹಿಸಲಾಯಿತು. ತಂಡವೇನೋ ಋತುವಿನ ಅಂತಿಮ ಕಿರೀಟವಾದ ವರ್ಲ್ಡ್ ಸೀರೀಸ್ ಗೆದ್ದಿತು, ಆದ್ದರಿಂದ ಯಾರೂ ವಿವರಣೆ ಕೇಳಲಿಲ್ಲ.

2010ರಲ್ಲಿ ಐದನೆಯ ಆರಂಭಿಕನ ಸ್ಥಾನ ತಂಡದ ಇನ್ನೊಬ್ಬ ಪಿಚರ್ ಫಿಲ್ ಹ್ಯೂಸ್ ಅವರಿಗೆ ದಕ್ಕಿತು. ಚೇಂಬರ್ಲೇನ್ ಆ ಬಳಿಕ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆರಂಭಿಸಲಿಲ್ಲ. 2011ರಲ್ಲಿ ಆ ಬಹುರಕ್ಷಿತ ತೋಳಿನ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು, ಅದೂ ಅತಿ ಕಡಿಮೆ ಇನಿಂಗ್ಸ್ ಬೇಡುವ ರಿಲೀವರ್ ಹುದ್ದೆಯಲ್ಲಿದ್ದಾಗ. ಚೇತರಿಸಿಕೊಳ್ಳುತ್ತಿದ್ದ ಅವರು 2012ರ ಮಾರ್ಚ್‌ನಲ್ಲಿ ಮಗನೊಂದಿಗೆ ಟ್ರಾಂಪೊಲಿನ್ ಮೇಲೆ ನೆಗೆದಾಡುವಾಗ ಬಲಗಾಲಿನ ಹರಡು ಕೀಲು ತಪ್ಪಿತು. ಜೋಬಾ ರೂಲ್ಸ್ ಕಾಲಿನ ಸುದ್ದಿಗೇ ಹೋಗಿರಲಿಲ್ಲ.