ಒಲೆ ಬೇರೆಯಾಗಿದೆ, ಮನೆ ಇನ್ನೂ ಪಾಲಾಗಿಲ್ಲ

“ಲಂಡನ್ ಚರ್ಚ್ ಒಡದೈತಂತಲ್ಲೋ ತಮ್ಮಾ. ಇನ್ನ ನಮ್ಮ ಚರ್ಚಿನ ಜಾಗಾ ಯಾರ ಹೆಸರಿಗೆ ಹೊಕ್ಕೈತಿ?”

2025ರ ಅಕ್ಟೋಬರ್‌ನ ಒಂದು ರವಿವಾರ. ಆರಾಧನೆ ಮುಗಿದು ಬೇವಿನ ಗಿಡದ ಕೆಳಗೆ ಚಹಾ ಕುಡಿಯುವಾಗ ಕಾಕಾ ಕೇಳಿದ ಪ್ರಶ್ನೆ ಇದು. ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ, ಇಡೀ ಸಭೆಗೇ ಕಾಕಾ. ರಿಟೈರಾದ ಮಾಸ್ತರು. ಮೊಬೈಲನ್ನು ಮಾರುದ್ದ ದೂರ ಹಿಡಿದು ತೋರಿಸಿದರು. ಇಂಗ್ಲಿಷಿನ ಒಂದು ಫಾರ್ವರ್ಡ್. ಮೇಲೆ ಕೆಂಪು ಅಕ್ಷರ, ನಡುವೆ ಸೀಳಿದ ಶಿಲುಬೆಯ ಚಿತ್ರ, ಕೊನೆಗೆ ಹತ್ತು ಜನಕ್ಕೆ ಕಳಿಸಿ ಅಂತ. ಅವರಿಗೆ ಕಳಿಸಿದ್ದು ಬೆಳಗಾವಿಯ ಬೀಗರು, ಬೀಗರಿಗೆ ಬಂದದ್ದು ಪುಣೆಯಿಂದ, ಪುಣೆಗೆ ಎಲ್ಲಿಂದಲೋ.

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಬಾಗಲಕೋಟೆಯವರಿಗೆ ಜಾಗದ ಚಿಂತೆ ಹೊಸದಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋದದ್ದನ್ನು ನೋಡಿ, ನವನಗರದ ಸೆಕ್ಟರ್ ನಂಬರಿನಲ್ಲಿ ವಿಳಾಸ ಹೇಳುವುದನ್ನು ಕಲಿತ ಜನ ನಾವು. ದೂರದಲ್ಲಿ ಯಾರೋ ಏನೋ ತೀರ್ಮಾನ ಮಾಡಿದರಂತೆ ಅಂದರೆ ನಮ್ಮ ಎದೆ ಡವಡವ ಅನ್ನುವುದು ಸಹಜ ಅಲ್ವಾ?

ಆದದ್ದು ಇಷ್ಟು. ಅಕ್ಟೋಬರ್ 3ರಂದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಹಿರಿಯ ಪೀಠವಾದ ಕ್ಯಾಂಟರ್ಬರಿಗೆ ಮುಂದಿನ ಆರ್ಚ್‌ಬಿಷಪ್ ಅಂತ ಸಾರಾ ಮುಲಾಲಿ ಅವರ ಹೆಸರು ಹೇಳಿದರು. ಆ ಪೀಠ 597ರಿಂದ ಇದೆ. ಹೆಣ್ಣುಮಗಳು ಅಲ್ಲಿಗೆ ಬರುತ್ತಿರುವುದು ಇದೇ ಮೊದಲು. ಎರಡು ವಾರ ಕಳೆಯುವುದರೊಳಗೆ, ಅಕ್ಟೋಬರ್ 16ಕ್ಕೆ, ಗಾಫ್‌ಕಾನ್ ಅನ್ನುವ ಸಂಪ್ರದಾಯವಾದಿ ಆಂಗ್ಲಿಕನ್ನರ ಗುಂಪು ಒಂದು ಹೇಳಿಕೆ ಕೊಟ್ಟಿತು. 2008ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಗುಂಪು ಇದು. ಆಫ್ರಿಕಾದ ದೊಡ್ಡ ದೊಡ್ಡ ಸಭೆಗಳ ಬಲ ಇದಕ್ಕಿದೆ. ಆಗ ಅದರ ಮುಂದಾಳು ರುವಾಂಡಾದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡಾ. ಕ್ಯಾಂಟರ್ಬರಿಯನ್ನು ನಡುಗಂಬ ಅಂತ ನಾವು ಇನ್ನು ಒಪ್ಪುವುದಿಲ್ಲ, ಅವರು ಕರೆದ ಕೂಟಗಳಿಗೂ ಹೋಗುವುದಿಲ್ಲ ಎಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ನಾವು ಬಿಟ್ಟು ಹೋಗುತ್ತಿಲ್ಲ, ನಾವೇ ಆಂಗ್ಲಿಕನ್ ಕಮ್ಯುನಿಯನ್ (ಜಗತ್ತಿನ ಆಂಗ್ಲಿಕನ್ ಸಭೆಗಳ ಒಕ್ಕೂಟ).

ಮುಂದಿನ ರವಿವಾರ ಕಾಕಾಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸಿದೆ. ಕೂಡು ಕುಟುಂಬದ ಲೆಕ್ಕದಲ್ಲಿ ಹೇಳಿದೆ. ಕಾಕಾ, ಒಲೆ ಬೇರೆ ಆಗೈತಿ, ಮನೆ ಇನ್ನೂ ಪಾಲಾಗಿಲ್ಲ. ದೊಡ್ಡ ಸಂಸಾರದ ಅಣ್ಣತಮ್ಮಂದಿರು ಬೇರೆ ಬೇರೆ ಅಡಿಗೆ ಮಾಡಿಕೊಳ್ಳುತ್ತಿದ್ದಾರೆ. ಹಬ್ಬಕ್ಕೆ ಒಂದೇ ಪಂಗ್ತಿಯಲ್ಲಿ ಕೂಡುವುದಿಲ್ಲ. ಕೇಳಿದರೆ ಹಿರೇ ಮನೆ ನಮ್ಮದೇ, ಬೇರೆ ಹೋದವರು ಅವರು ಅಂತ ಇಬ್ಬರೂ ಹೇಳುತ್ತಾರೆ. ಕಾಕಾಗೆ ತಕ್ಷಣ ತಿಳಿಯಿತು. “ಹಂಗಾರ ನಮ್ಮ ದೊಡ್ಡಪ್ಪನ ಮನೀ ಕಥೀನ ಅಂದಂಗಾತು” ಎಂದರು.

ಕ್ಯಾಂಟರ್ಬರಿಯವರು ಪೋಪ್ ಅಲ್ಲ ಅನ್ನುವುದನ್ನೂ ಹೇಳಬೇಕಾಯಿತು. ಜಗತ್ತಿನಲ್ಲಿ 165ಕ್ಕೂ ಜಾಸ್ತಿ ದೇಶಗಳಲ್ಲಿ ಆಂಗ್ಲಿಕನ್ ಸಭೆಗಳಿವೆ. ಒಂದೊಂದೂ ತನ್ನ ಆಡಳಿತ ತಾನೇ ಮಾಡಿಕೊಳ್ಳುತ್ತದೆ. ಆರ್ಚ್‌ಬಿಷಪ್ ಇವರನ್ನೆಲ್ಲ ಕರೆಯಬಹುದು, ಕೂರಿಸಬಹುದು, ಆದರೆ ಹುಕುಂ ಮಾಡಲಾಗುವುದಿಲ್ಲ. ನಮ್ಮ ಆಸ್ತಿಯ ಕಾಗದಗಳು ಇರುವುದು ಇಲ್ಲಿಯ ಟ್ರಸ್ಟ್‌ಗಳ ಹೆಸರಿನಲ್ಲಿ. ಕ್ಯಾಂಟರ್ಬರಿಯ ಹೆಸರಿಗೆ ಒಂದು ಗುಂಟೆಯೂ ಇಲ್ಲ.

ಅಷ್ಟಕ್ಕೂ ನಾವು ಆ ಮನೆಗೆ ಹೇಗೆ ನೆಂಟರಾದೆವು? ನನ್ನ ಊರು ಗುಳೇದಗುಡ್ಡ. ಅಲ್ಲಿಗೆ 1851ರಲ್ಲಿ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು. ಅವರು ಆಂಗ್ಲಿಕನ್ನರೇ ಅಲ್ಲ. ನಮ್ಮ ಅಜ್ಜ ಕುಣಿಮಗ್ಗದಲ್ಲಿ ಕೂತು ಖಣ ನೇಯುತ್ತ ಹಾಡುತ್ತಿದ್ದ ಕೀರ್ತನೆಗಳ ರಾಗ ಜರ್ಮನಿಯದು. ಬೆಳಗಾವಿ ಕ್ಯಾಂಪಿನ ಸೇಂಟ್ ಮೇರಿಸ್ ಚರ್ಚ್ ಬೇರೆ ಜಾತಿಯದು. ಬ್ರಿಟಿಷ್ ದಂಡಿನವರು ಕಟ್ಟಿದ ಕಲ್ಲಿನ ಆಂಗ್ಲಿಕನ್ ಚರ್ಚ್. ಇವತ್ತು ಎರಡೂ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳೇ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮತ್ತು ಅದಕ್ಕೂ ಮೊದಲೇ ಒಂದಾಗಿದ್ದ ಬೇರೆ ಸಭೆಗಳು ಕೂಡಿ ಒಂದೇ ಮನೆ ಮಾಡಿಕೊಂಡವು. ದೇಶ ಎರಡು ಪಾಲಾಗಿ ಇನ್ನೂ ಆರು ವಾರ ಆಗಿತ್ತು ಅಷ್ಟೇ. ನಮ್ಮ ಕಡೆಯ ಬಾಸೆಲ್ ಸಭೆಗಳೂ ಅದೇ ಮನೆಗೆ ಸೇರಿದವು.

ಆಗ ಮೂಗು ಮುರಿದವರು ಯಾರು ಗೊತ್ತಾ? ಇಂಗ್ಲೆಂಡಿನ ಆಂಗ್ಲಿಕನ್ನರೇ. ಬಿಷಪ್ಪರ ಕೈಯಿಂದ ದೀಕ್ಷೆ ಆಗದ ಪಾದ್ರಿಗಳನ್ನು ಸೇರಿಸಿಕೊಂಡಿರಿ ಅಂತ ದಶಕಗಟ್ಟಲೆ ನಮ್ಮನ್ನು ಪೂರ್ತಿ ಪಂಗ್ತಿಗೆ ಕರೆಯಲಿಲ್ಲ. ಪಡಸಾಲೆಯವರೆಗೆ ಬನ್ನಿ, ಅಡಿಗೆಮನೆಗೆ ಬೇಡ ಅಂದ ಹಾಗೆ. ಪಡಸಾಲೆಯಲ್ಲಿ ಕೂತಿದ್ದವರ ಮೊಮ್ಮಕ್ಕಳಿಗೆ ಈಗ ಒಳಗಿನವರ ಜಗಳ ಫಾರ್ವರ್ಡ್ ಆಗಿ ಬರುತ್ತಿದೆ. ನನಗೇನೋ ಇದು ಸ್ವಲ್ಪ ಮಜಾ ಅನ್ನಿಸುತ್ತದೆ. ಸಭೆಯಲ್ಲಿ ಹೀಗೆ ಹೇಳಿದರೆ ಬೈಯುತ್ತಾರೆ, ಇಲ್ಲಿ ಹೇಳುತ್ತಿದ್ದೇನೆ.

ಕಾಕಾ ತೋರಿಸಿದ ಫಾರ್ವರ್ಡಿನಲ್ಲಿ ಒಂದು ಸುಳ್ಳಿತ್ತು. ಹೆಣ್ಣುಮಗಳನ್ನು ಆರಿಸಿದ್ದಕ್ಕೇ ಮನೆ ಒಡೆಯಿತು ಅಂತ. ಅಷ್ಟು ಸರಳ ಇಲ್ಲ. ಗಾಫ್‌ಕಾನ್ ಜೊತೆ ಇರುವ ಕೆಲವು ಸಭೆಗಳಲ್ಲೇ ಹೆಣ್ಣುಮಕ್ಕಳು ಪಾದ್ರಿಗಳಾಗಿದ್ದಾರೆ. ಒಂದೇ ಲಿಂಗದವರ ಜೋಡಿಗೆ ಚರ್ಚಿನಲ್ಲಿ ಆಶೀರ್ವಾದ ಮಾಡಬಹುದೋ ಬೇಡವೋ, ಸತ್ಯವೇದವನ್ನು ಹೇಗೆ ಓದಬೇಕು ಅನ್ನುವುದು ದೊಡ್ಡ ಜಗಳ. ಇಂಗ್ಲೆಂಡಿನ ಚರ್ಚಿನ ಆಡಳಿತ ಮಂಡಳಿ ಸಿನಾಡ್ 2023ರಲ್ಲಿ ಅಂಥ ಆಶೀರ್ವಾದಕ್ಕೆ ದಾರಿ ಮಾಡಿದ ಮೇಲೆ ಅದು ಜಾಸ್ತಿಯಾಯಿತು. ಈ ವಿಷಯದಲ್ಲಿ ನಮ್ಮ ಸಭೆಯೊಳಗೇ ಹತ್ತು ಅಭಿಪ್ರಾಯಗಳಿವೆ. ಇರಲಿ. ಆದರೆ ಯಾವುದಕ್ಕೆ ಜಗಳ ನಡೆದಿದೆ ಅನ್ನುವುದಾದರೂ ಸರಿಯಾಗಿ ಗೊತ್ತಿರಬೇಕಲ್ಲ?

ಹೆಣ್ಣುಮಕ್ಕಳ ವಿಷಯ ಬಂತು ಅಂತ ಇನ್ನೊಂದು. ನಮ್ಮ ಸಿ.ಎಸ್.ಐ.ನಲ್ಲಿ ಆಂಧ್ರದ ನಂದ್ಯಾಲಕ್ಕೆ ಎಗ್ಗೋನಿ ಪುಷ್ಪಲಲಿತಾ ಬಿಷಪ್ ಆದದ್ದು 2013ರ ಸೆಪ್ಟೆಂಬರ್‌ನಲ್ಲಿ. ಇಂಗ್ಲೆಂಡಿನಲ್ಲಿ ಮೊದಲ ಮಹಿಳಾ ಬಿಷಪ್ ಲಿಬ್ಬಿ ಲೇನ್ ಆದದ್ದು 2015ರ ಜನವರಿಯಲ್ಲಿ. ಅಂದರೆ ನಂದ್ಯಾಲ ಲಂಡನ್ನಿಗಿಂತ ಒಂದು ವರ್ಷಕ್ಕೂ ಜಾಸ್ತಿ ಮುಂದಿತ್ತು. ಇದನ್ನು ಹೇಳಿದಾಗ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮದೇ ಮನೆಯ ಸುದ್ದಿ ಹನ್ನೆರಡು ವರ್ಷವಾದರೂ ನಮಗೆ ಮುಟ್ಟಿಲ್ಲ, ಲಂಡನ್ನಿನ ಜಗಳ ಮಾತ್ರ ಮೂರೇ ದಿನಕ್ಕೆ ಬೇವಿನ ಗಿಡದ ಕೆಳಗೆ ಬಂತು!

ನನ್ನ ತಕರಾರು ಇರುವುದು ಇಲ್ಲೇ. ಜಗತ್ತಿನ ಸಭೆಗಳ ಸುದ್ದಿ ನಮಗೆ ಕನ್ನಡದಲ್ಲಿ ಬರುವುದಿಲ್ಲ. ಪ್ರಾರ್ಥನೆ, ಪಾಠ, ಮಕ್ಕಳಿಗೆ ಕಲಿಸುವ ಸಾಮಗ್ರಿ ಏನೆಲ್ಲ ಪುಕ್ಕಟೆ ಸಿಗುತ್ತದೆ, ಎಲ್ಲಾ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಲ್ಲವರು ಓದಿ ಸುಮ್ನೆ ಇರುತ್ತಾರೆ. ಬಾರದವರಿಗೆ ಕೆಂಪು ಅಕ್ಷರದ ಫಾರ್ವರ್ಡ್ ಮಾತ್ರ ಗತಿ.

ವಿಚಿತ್ರ ಅಂದರೆ ಕನ್ನಡಕ್ಕೆ ಪತ್ರಿಕೆ ಅನ್ನುವುದನ್ನು ಕೊಟ್ಟವರು ಇದೇ ಬಾಸೆಲ್ ಮಿಷನ್ನಿನವರು. ಜುಲೈ 1ಕ್ಕೆ ನಾವು ಪತ್ರಿಕಾ ದಿನ ಮಾಡುತ್ತೇವಲ್ಲ, ಅದು 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದ ದಿನ. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟ. ಊರ ಸುದ್ದಿ, ಸರಕಾರದ ಕಾನೂನು, ಬೇರೆ ರಾಜ್ಯಗಳ ಸಂಗತಿ, ಗಾದೆ, ಕಥೆ ಎಲ್ಲಾ ಇರುತ್ತಿತ್ತು. ಕನ್ನಡ ಕಲಿತು ಬಂದ ಪರದೇಶಿ ಅಷ್ಟು ಮಾಡಿದ. ಕನ್ನಡದಲ್ಲೇ ಹುಟ್ಟಿದ ನಮಗೆ ಅರ್ಧ ಪುಟ ಆಗುವುದಿಲ್ಲವೇ?

ಆಂಗ್ಲಿಕನ್ನರ ಸ್ವಂತ ಬುಡವೂ ಇದೇ. ಜನಕ್ಕೆ ತಿಳಿಯದ ಭಾಷೆಯಲ್ಲಿ ಚರ್ಚಿನ ಪ್ರಾರ್ಥನೆ ನಡೆಸುವುದು ದೇವರ ವಾಕ್ಯಕ್ಕೆ ವಿರುದ್ಧ ಅಂತ ಅವರ ನಂಬಿಕೆಯ 39 ಕಲಮುಗಳಲ್ಲಿ 24ನೆಯದು ಹೇಳುತ್ತದೆ. ಲ್ಯಾಟಿನ್ ಬಿಡಿಸಲು ಹದಿನಾರನೇ ಶತಮಾನದಲ್ಲಿ ಬರೆದ ಮಾತು. ಈಗ ಇಂಗ್ಲಿಷಿಗೇ ಅನ್ವಯಿಸುತ್ತದೆ.

ಅದಕ್ಕೇ ಸಭಾಪಾಲಕರನ್ನು ಕೇಳಿ, ಆರಾಧನೆಯ ಕೊನೆಗೆ ಪ್ರಕಟಣೆಗಳ ಜೊತೆ ಅರ್ಧ ಪುಟ ಓದಲು ಶುರು ಮಾಡಿದೆ. ಮೊದಲ ವಾರ ಸೋಮಾರಿತನ ಮಾಡಿ ಇಂಗ್ಲಿಷ್ ಸುದ್ದಿಯನ್ನು ಮೊಬೈಲಿನ ಅನುವಾದಕ್ಕೆ ಹಾಕಿದೆ. ಪ್ರಾಂತಗಳ ಮುಖ್ಯ ಬಿಷಪ್ಪರಿಗೆ ಅವರು ‘ಪ್ರೈಮೇಟ್’ ಅನ್ನುತ್ತಾರೆ. ಮೊಬೈಲು ‘ವಾನರರ ಸಭೆ’ ಅಂತ ಕನ್ನಡ ಮಾಡಿಕೊಟ್ಟಿತು. ಪುಣ್ಯಕ್ಕೆ ಶನಿವಾರ ರಾತ್ರಿಯೇ ಹೆಂಡತಿ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಾಗದ ನನ್ನ ಮುಂದೆ ಒಗೆದಳು. ಅವತ್ತಿನಿಂದ ಕೈಯಲ್ಲೇ ಬರೆಯುತ್ತೇನೆ.

ಎಲ್ಲರಿಗೂ ಇದು ಹಿಡಿಸಿತು ಅಂತೇನಿಲ್ಲ. ಮುಲಾಲಿಗಿಂತ ಮೊದಲು ಆ ಪೀಠದಲ್ಲಿದ್ದ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ಯಾಕೆ ರಾಜೀನಾಮೆ ಕೊಟ್ಟರು ಅಂತ ಬರೆದಿದ್ದೆ. ಚರ್ಚಿನ ಶಿಬಿರಗಳನ್ನು ನಡೆಸುತ್ತಿದ್ದ ಒಬ್ಬ ವಕೀಲ ನೂರಕ್ಕೂ ಹೆಚ್ಚು ಹುಡುಗರು, ತರುಣರಿಗೆ ಹಿಂಸೆ ಕೊಟ್ಟಿದ್ದ. 2013ರಲ್ಲಿ ವಿಷಯ ತಿಳಿದ ಮೇಲೂ ವೆಲ್ಬಿ ಮಾಡಬೇಕಾದಷ್ಟು ಮಾಡಲಿಲ್ಲ ಅಂತ ತನಿಖಾ ವರದಿ ಹೇಳಿತು. ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, “ಇದನ್ನ ದೇವರ ಮನ್ಯಾಗ ಓದಬ್ಯಾಡ್ರಿ, ಹುಡುಗ್ರು ಇರ್ತಾವ” ಎಂದರು. ಹುಡುಗರು ಇರುತ್ತಾರೆ ಅಂತಲೇ ಓದುತ್ತೇನೆ ಎಂದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಓದಿದೆ. ಅವತ್ತು ಚಹಾದ ಹೊತ್ತಿಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಇಬ್ಬರು ತಾಯಂದಿರು ಮಾತ್ರ ಬಂದು, ನಮ್ಮ ಸಂಡೇ ಸ್ಕೂಲಿನ ಪ್ರವಾಸಕ್ಕೆ ಜೊತೆಗೆ ಯಾರ‍್ಯಾರು ಹೋಗುತ್ತಾರೆ ಅಂತ ಕೇಳಿದರು. ಈ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಜಗಳದ ಸುದ್ದಿಯನ್ನೇ ಓದಿದರೆ ಮಂದಿ ಬೇಸತ್ತುಹೋಗುತ್ತಾರೆ. ಗಾಜಾದ ಅಲ್ ಅಹ್ಲಿ ಆಸ್ಪತ್ರೆಯ ಬಗ್ಗೆ ಬರೆದೆ. ಟಿ.ವಿ.ಯಲ್ಲಿ ಹೆಸರು ಎಲ್ಲರೂ ಕೇಳಿದ್ದರು. ಆದರೆ ಅದನ್ನು ನಡೆಸುವುದು ಜೆರುಸಲೇಮಿನ ಆಂಗ್ಲಿಕನ್ ಸಭಾಪ್ರಾಂತ ಅಂತ ಗೊತ್ತಿರಲಿಲ್ಲ. 1882ರಲ್ಲಿ ಮಿಷನ್ನಿನವರು ಶುರು ಮಾಡಿದ ಆಸ್ಪತ್ರೆ. 2025ರ ಗರಿಗಳ ಹಬ್ಬದ ದಿನ ಬೆಳಗಿನ ಜಾವ ಅದರ ಮೇಲೆ ಇಸ್ರೇಲಿನ ದಾಳಿ ಆಯಿತು. ನಾವು ಇಲ್ಲಿ ಗರಿ ಹಿಡಿದು ಮೆರವಣಿಗೆಗೆ ನಿಂತಿದ್ದ ದಿನ ಅದು. ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಸಭೆಯಲ್ಲಿ ಬಹಳ ಜನ. ಅವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನೊಂದು ವಾರ ಸೊಲೊಮನ್ ದ್ವೀಪಗಳ ಸುದ್ದಿ. ಸಮುದ್ರ ಏರಿ ಕೆಲವು ಊರುಗಳೇ ಜಾಗ ಬದಲಿಸಿವೆ. ಅಲ್ಲಿ ಆಂಗ್ಲಿಕನ್ನರು ಬಹಳ. ಓದುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಜೋರಾಗಿಯೇ ಕೇಳಿದರು, “ಪರಿಹಾರ ಎಷ್ಟು ಕೊಟ್ರಂತ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಳುಗಡೆ ನೋಡಿದವರಿಗೆ ಮೊದಲು ಬರುವ ಪ್ರಶ್ನೆ ಅದೇ.

ಈ ಎಲ್ಲದರ ನಡುವೆ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಪಟ್ಟಿ. ಆಂಗ್ಲಿಕನ್ನರು ಜಗತ್ತಿನ ಎಲ್ಲಾ ಸಭಾಪ್ರಾಂತಗಳನ್ನೂ ದಿನಕ್ಕಿಷ್ಟು ಅಂತ ಹಂಚಿಕೊಂಡು ಅವುಗಳಿಗಾಗಿ ಪ್ರಾರ್ಥನೆ ಮಾಡುತ್ತಾರೆ. ಅದರಲ್ಲಿ ನಮ್ಮ ಕರ್ನಾಟಕ ಉತ್ತರ ಸಭಾಪ್ರಾಂತವೂ ಇದೆ. ನಮಗೆ ಗೊತ್ತೇ ಇಲ್ಲದ ಒಂದು ದಿನ, ಯಾವುದೋ ದ್ವೀಪದಲ್ಲಿ ಯಾರೋ ನಮ್ಮ ಹೆಸರನ್ನು ತಪ್ಪುತಪ್ಪಾಗಿ ಉಚ್ಚರಿಸುತ್ತ ಕಣ್ಣು ಮುಚ್ಚಿರುತ್ತಾರೆ. ನಾವೂ ಅವರ ಹೆಸರನ್ನು ತಪ್ಪಾಗಿಯೇ ಹೇಳೋಣ, ಪರವಾಗಿಲ್ಲ. ಈಗ ಪ್ರತಿ ರವಿವಾರ ಆ ಪಟ್ಟಿಯಿಂದ ಒಂದು ಹೆಸರು ಓದುತ್ತೇವೆ. ಹೆಸರು ಹುಡುಕಿ ಭೂಪಟದಲ್ಲಿ ಗುರುತು ಮಾಡುವ ಕೆಲಸ ಸಂಡೇ ಸ್ಕೂಲಿನ ಮಕ್ಕಳದು.

ಸಿಸ್ಟರ್ ಅತ್ತಿಯ ಬಗ್ಗೆ ಹೇಳದಿದ್ದರೆ ಹೇಗೆ. ಮೂವತ್ತು ವರ್ಷ ನರ್ಸ್ ಆಗಿದ್ದವರು, ಈಗಲೂ ಯಾರದೇ ಕೈ ಹಿಡಿದರೂ ಬೆರಳು ತಾನಾಗಿಯೇ ನಾಡಿಗೆ ಹೋಗುತ್ತದೆ. ಮುಲಾಲಿ ಮೊದಲು ನರ್ಸ್ ಆಗಿದ್ದವರು, ಕ್ಯಾನ್ಸರ್ ರೋಗಿಗಳನ್ನು ನೋಡಿಕೊಂಡವರು, 1999ರಲ್ಲಿ ಇಡೀ ಇಂಗ್ಲೆಂಡಿನ ನರ್ಸುಗಳ ಮುಖ್ಯಸ್ಥೆಯಾದವರು ಅಂತ ಓದಿದಾಗ ಅತ್ತಿ ಹಿಂದಿನ ಬೆಂಚಿನಿಂದ ಎದ್ದು ಮುಂದೆ ಬಂದು ಕೂತರು. ಆಮೇಲೆ ನನ್ನ ಹತ್ತಿರ ಬಂದು, “ರಾತ್ರಿ ಪಾಳಿ ಮಾಡಿದಾಕೀ ಅದಾಳು. ಸಿಟ್ಟಿನ ಮಂದೀನ ಸಂಭಾಳಸೂದು ಆಕೀಗೆ ಕಲಸಬೇಕಾಗಿಲ್ಲ” ಎಂದರು.

ಒಂದು ಸಹಾಯ ಬೇಕು, ಗೊತ್ತಿದ್ದವರು ಕೆಳಗೆ ಬರೆಯಿರಿ. ಆ ‘ಪ್ರೈಮೇಟ್’ಗೆ ನನಗೆ ಇನ್ನೂ ಒಳ್ಳೆಯ ಕನ್ನಡ ಸಿಕ್ಕಿಲ್ಲ. ಸದ್ಯಕ್ಕೆ ‘ಹಿರಿಯ ಬಿಷಪ್’ ಅಂತ ಬರೆಯುತ್ತಿದ್ದೇನೆ. ಕಾಕಾಗೆ ಅದು ಸಪ್ಪೆ ಅನ್ನಿಸಿದೆ, “ಮನೀ ಕಥೀನೇ ಹೇಳಿದ ಮ್ಯಾಲೆ ಯಜಮಾನ್ರು ಅನ್ನಲ್ಲ” ಅನ್ನುತ್ತಾರೆ. ಸಿಸ್ಟರ್ ಅತ್ತಿ ಪಕ್ಕದಲ್ಲೇ ಇದ್ದರು.

“ಈಗ ಹೆಣ್ಮಗಳು ಬಂದಾಳಲ್ಲ, ಯಜಮಾನ್ತಿ ಅಂತ ಬರೀತಿಯೇನು ಹಂಗಾರ?”